ಮೋಡದ ಮರೆಯನ್ನು ದಾಟುವ ಕಣ್ಣು

ಆಷಾಢದಲ್ಲಿ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿಯ ಗುಡಿಯ ಬಳಿ, ಕೆರೆಯ ದಡದಲ್ಲಿ ನಿಂತು ನೋಡಿದರೆ ಆಕಾಶವೆಲ್ಲ ಮೋಡ. ಅದರ ಒಡಲಲ್ಲಿ ನೀರೆಷ್ಟಿದೆಯೆಂಬುದು ರೈತನ ಬಾಳಿನ ಪ್ರಶ್ನೆ. ನಮ್ಮ ಕಣ್ಣಿಗೆ ಅದು ತಿಳಿಯದು. ಮೇಲಿನಿಂದ ತೆಗೆದ ಸಾಮಾನ್ಯ ಛಾಯಾಚಿತ್ರದಲ್ಲಿಯೂ ಮೋಡದ ಬೆನ್ನು ಮಾತ್ರ ಕಾಣುವುದು.

ಇಲ್ಲಿ ನೆರವಿಗೆ ಬರುವುವು ಸೂಕ್ಷ್ಮತರಂಗಗಳು. ರೇಡಿಯೋ ಅಲೆಗಳ ಕುಲಕ್ಕೆ ಸೇರಿದ ಇವು ಮೋಡವನ್ನು ಬಹುಮಟ್ಟಿಗೆ ಹಾಯ್ದುಹೋಗಬಲ್ಲುವು. ನೆಲ, ಕಡಲು, ನೀರಾವಿ, ಹಿಮ ಎಲ್ಲವೂ ಇಂತಹ ಅಲೆಗಳನ್ನು ಬಲು ಕ್ಷೀಣವಾಗಿ ಸೂಸುತ್ತಿರುವುವು. ಕಡಲ ನೀರಿಗಿಂತ ಅದರ ಮೇಲೆ ಹೆಪ್ಪುಗಟ್ಟಿದ ಹಿಮವು ಹೆಚ್ಚಾಗಿ ಸೂಸುವುದರಿಂದ, ಧ್ರುವಪ್ರದೇಶದ ದೀರ್ಘರಾತ್ರಿಯಲ್ಲಿಯೂ ಹಿಮದ ಎಲ್ಲೆಯನ್ನು ಗುರುತಿಸಬಹುದು.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನಲ್ಲಿ ಸಿದ್ಧವಾಗಿ, 1979ರ ಜೂನ್ 7ರಂದು ಸೋವಿಯತ್ ದೇಶದಿಂದ ಗಗನಕ್ಕೇರಿದ ‘ಭಾಸ್ಕರ’ ಉಪಗ್ರಹದಲ್ಲಿ ‘ಸಮೀರ್’ ಎಂಬ ಉಪಕರಣವು ಕಡಲ ಮೇಲಣ ನೀರಾವಿಯನ್ನು ಅಳೆಯಿತು. 2011ರಲ್ಲಿ ಭಾರತವೂ ಫ್ರಾನ್ಸೂ ಕೂಡಿ ಕಳುಹಿದ ‘ಮೇಘಾ-ಟ್ರಾಪಿಕ್ಸ್’, ಉಷ್ಣವಲಯದ ತೇವವನ್ನು ಪದರಪದರವಾಗಿ ಪರೀಕ್ಷಿಸಿತು. 2025ರ ಜುಲೈ 30ರಂದು ಏರಿದ ‘ನಿಸಾರ್’ ಇನ್ನೊಂದು ಬಗೆಯದು: ತಾನೇ ಅಲೆಗಳನ್ನು ಕಳುಹಿ, ಮರಳಿದ ಪ್ರತಿಧ್ವನಿಯಿಂದ ನೆಲದ ಮತ್ತು ಹಿಮರಾಶಿಯ ಚಲನೆಯನ್ನು ಅರಿಯುವುದು.

ಮಳೆಯನ್ನು ತರಿಸುವ ಶಕ್ತಿ ಈ ಯಂತ್ರಗಳಿಗಿಲ್ಲ. ಆದರೂ ಅದರ ಬರವನ್ನು ಮುಂಚಿತವಾಗಿ ಅರಿತು ಬಿತ್ತನೆಗೆ ಅಣಿಯಾಗಲು ಇವುಗಳಿಂದ ಸಹಾಯವಾದರೆ, ರೈತನಿಗೆ ಅದೇ ಮಹೋಪಕಾರವೆಂದು ನಾವು ಬಗೆಯುತ್ತೇವೆ.