ಸಗಣಿ ಬಗ್ಗಡದ ಪಂಪು: ಸುರಕ್ಷಿತವಾಗಿ ಬಿಚ್ಚುವ ಕ್ರಮ

ಮೈಲೂರ, ಭಾಲ್ಕಿ, ಔರಾದ್ ಭಾಗದ ಹೈನುಗಾರರು ಗಮನಿಸಿರಿ: ಬಗ್ಗಡದಲ್ಲಿನ ನಾರು, ಮರಳುಗಳಿಂದ ಪಂಪು ಬೇಗ ಸವೆಯುತ್ತದೆ.

1. ಮೊದಲು ಶುದ್ಧ ನೀರು ಹಾಯಿಸಿ ಪಂಪನ್ನು ತೊಳೆಯಿರಿ.
2. ಮುಖ್ಯ ಸ್ವಿಚ್ ಆರಿಸಿ, ಫ್ಯೂಸ್ ಕಳಚಿ ನಿಮ್ಮ ಬಳಿಯೇ ಇಟ್ಟುಕೊಳ್ಳಿರಿ. ಇಲ್ಲವಾದರೆ ಹೋದ ವಿದ್ಯುತ್ ಮರಳಿದೊಡನೆ ಸ್ವಯಂಚಾಲಿತ ಸ್ಟಾರ್ಟರ್ ಪಂಪನ್ನು ತಿರುಗಿಸಬಹುದು.
3. ವಾಲ್ವ್ ಮುಚ್ಚಿ, ಒಳಗಿನ ಒತ್ತಡ ಇಳಿಸಿದ ಬಳಿಕವೇ ಬೋಲ್ಟುಗಳನ್ನು ಸಡಿಲಿಸಿರಿ.
4. ಸವೆದ ಇಂಪೆಲ್ಲರ್, ಸೀಲ್, ಬೇರಿಂಗ್‌ಗಳನ್ನು ಬದಲಿಸಿರಿ. ಜೋಡಿಸಿದ ಮೇಲೆ ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಿರಿ.

ಎಚ್ಚರಿಕೆ: ಗುಂಡಿಯಲ್ಲಿರುವ ಪಂಪನ್ನು ಸರಪಳಿಯಿಂದ ಮೇಲೆತ್ತಿರಿ, ಒಳಗೆ ಇಳಿಯಬೇಡಿರಿ. ಹೈಡ್ರೋಜನ್ ಸಲ್ಫೈಡ್ ಅನಿಲ ಹೆಚ್ಚಾದಾಗ ಮೂಗು ಅದರ ವಾಸನೆಯನ್ನೇ ಗ್ರಹಿಸದು. ಆದ್ದರಿಂದ ವಾಸನೆಯಿಲ್ಲವೆಂದು ನಂಬದಿರಿ. ಯಾರಾದರೂ ಒಳಗೆ ಕುಸಿದು ಬಿದ್ದರೆ ರಕ್ಷಿಸಲು ಧುಮುಕದೆ, ಕೂಡಲೇ 112ಕ್ಕೆ ಕರೆಮಾಡಿರಿ.