ಅಳತೆಗೆ ಸಿಗದ ಅಭಯ

ಅಳೆಯಬಹುದಾದ ಅಪಾಯ ಬೇರೆ, ಅಳತೆಗೇ ಸಿಗದ ಅನಿಶ್ಚಿತತೆ ಬೇರೆ ಎಂದು ಅರ್ಥಶಾಸ್ತ್ರಜ್ಞ ಫ್ರ್ಯಾಂಕ್ ನೈಟ್ 1921ರಲ್ಲಿ ವಾದಿಸಿದರು. ಮೊದಲನೆಯದಕ್ಕೆ ವಿಮೆಯುಂಟು, ಎರಡನೆಯದಕ್ಕಿಲ್ಲ. ಸರ್ಕಾರಿ ಸೇವೆಯುದ್ದಕ್ಕೂ ನಾನು ಮೊದಲನೆಯದರ ಲೆಕ್ಕವನ್ನೇ ಬರೆದವನು. ಎರಡನೆಯದರ ಪರಿಚಯವಾದದ್ದು 2020ರಲ್ಲಿ. ಕೊಲ್ಲಿ ರಾಷ್ಟ್ರದಲ್ಲಿದ್ದ ಮಗ ಕೆಲಸ ಕಳೆದುಕೊಂಡು, ಬಾಕಿ ವೇತನಕ್ಕಾಗಿ ಕಾಯುತ್ತ ತಿಂಗಳುಗಟ್ಟಲೆ ಅಲ್ಲೇ ಸಿಲುಕಿದ. ನನ್ನ ಪಿಂಚಣಿಯಾಗಲಿ ಠೇವಣಿಯಾಗಲಿ ನೆರವಿಗೆ ಬರಲಿಲ್ಲ.

ಆಗ ನೆನಪಾದವರು ನಮ್ಮ ಪೂರ್ವಜರು. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಕೆಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಮನೆ, ಗದ್ದೆ, ಇಗರ್ಜಿಗಳು ಕೈಬಿಟ್ಟವು. ಅನೇಕರು ಮರಳಲೇ ಇಲ್ಲ. 1799ರ ಬಳಿಕ ಬಂದವರು ಮತ್ತೆ ಉತ್ತರು, ಇಗರ್ಜಿಗಳನ್ನು ಮತ್ತೆ ಕಟ್ಟಿದರು. ಅವರಲ್ಲಿ ಉಳಿದಿದ್ದ ಬಂಡವಾಳ ವಿಶ್ವಾಸವೊಂದೇ.

ಈ ವಿಶ್ವಾಸವು ಕಷ್ಟವೇ ಬಾರದೆಂಬ ಭರವಸೆಯಲ್ಲ. ಶಿಲುಬೆಯನ್ನು ನಡುವಿನಲ್ಲಿರಿಸಿಕೊಂಡ ಧರ್ಮ ಅಂಥ ಮಾತು ಕೊಡಲಾರದು. ಕಷ್ಟದೊಳಗೂ ದೇವರು ಜೊತೆಗಿದ್ದಾನೆಂಬ ಅಭಯವದು.

ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಉದ್ಯಾವರದ ನಮ್ಮ ಮನೆಗೆ ಆಶೀರ್ವದಿಸಿದ ಹೊಸ ತೆನೆ ಬರುತ್ತದೆ. ಅದರ ಕಾಳುಗಳನ್ನು ಹಾಲಿನಲ್ಲಿ ಬೆರೆಸಿ ಎಲ್ಲರೂ ಹಂಚಿಕೊಳ್ಳುತ್ತೇವೆ. ಆ ವರ್ಷ ಮಗನ ಪಾಲಿನ ಕಾಳುಗಳನ್ನು ಪತ್ನಿ ಕಾಗದದಲ್ಲಿ ಮಡಚಿ ಬೈಬಲಿನೊಳಗೆ ಇರಿಸಿದಳು. ಡಿಸೆಂಬರಿನಲ್ಲಿ ಅವನು ಬಂದಾಗ ಅವು ಹಾಗೆಯೇ ಇದ್ದವು.

ಅವನಿಗೆ ಇಂದಿಗೂ ಕಾಯಂ ಉದ್ಯೋಗವಿಲ್ಲ. ಆದರೂ ರಾತ್ರಿ ಜಪಸರ ಮುಗಿದ ಮೇಲೆ ಮನೆಯಲ್ಲಿ ಎಲ್ಲರಿಗೂ ನಿದ್ರೆ ಬರುತ್ತದೆ. ಇದನ್ನು ಯಾವ ಲೆಕ್ಕದ ಶೀರ್ಷಿಕೆಯಡಿ ಬರೆಯಬೇಕೆಂದು ನನ್ನ ಅರ್ಥಶಾಸ್ತ್ರ ಕಲಿಸಿರಲಿಲ್ಲ.