ಮನಗೂಳಿ ಅಗಸಿಯಿಂದ ಅರಕಿಲ್ಲೆಯವರೆಗೆ

ಬಸವನಬಾಗೇವಾಡಿ ತಾಲ್ಲೂಕಿನ ಇಂಗಳೇಶ್ವರ, ಬಸವಣ್ಣನವರ ತಾಯಿ ಮಾದಲಾಂಬಿಕೆಯ ತವರೂರು ಎಂದು ಹೆಸರಾದ ಗ್ರಾಮ. ಇಲ್ಲಿಂದ ಬೆಳಗಿನ ಬಸ್ಸು ಹಿಡಿದು ಬಾಗೇವಾಡಿ, ಮನಗೂಳಿಗಳ ಮೇಲೆ ವಿಜಯಪುರಕ್ಕೆ ಹೋದವರು ಊರು ನೋಡಿಕೊಂಡು ಸಂಜೆಗೆ ಮನೆ ಸೇರಬಹುದು. ಕೋರ್ಟು, ಕಚೇರಿ, ಆಸ್ಪತ್ರೆ, ಸಂತೆ ಎಂದು ಈ ಭಾಗದ ಜನ ಆ ಊರಿಗೆ ಹೋಗಿಬರುವುದು ದಿನನಿತ್ಯದ ಮಾತು. ಊರು ನೋಡಲೆಂದೇ ಹೋದವರು ಗೋಳಗುಮ್ಮಟ ಹತ್ತಿ, ಪಿಸುಮಾತು ಮರುದನಿಸುವುದನ್ನು ಕೇಳಿ ಮರಳುತ್ತಾರೆ. ಆದರೆ ವಿಜಯಪುರ ಮೊದಲಿಗೆ ಒಂದು ಕೋಟೆ. ಗುಮ್ಮಟ ಕಟ್ಟಿದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಆ ಕೋಟೆಯ ಒಳಗೇ ಓಡಾಡಿಯೂ ಅದನ್ನು ಕಾಣದೆ ಬರುವವರೇ ಹೆಚ್ಚು.

ಇದಕ್ಕೆ ಕಾರಣವಿದೆ. ಚಿತ್ರದುರ್ಗದ ಕೋಟೆಯಂತೆ ಇದು ಬೆಟ್ಟದ ಮೇಲೆ ಕುಳಿತು ದೂರದಿಂದ ಕಣ್ಣಿಗೆ ಬೀಳುವುದಿಲ್ಲ. ಬಯಲು ನೆಲದಲ್ಲಿ ಊರನ್ನೇ ಬಳಸಿಕೊಂಡು ನಿಂತಿರುವ ಈ ಗೋಡೆಯ ಸುತ್ತಳತೆ ಸುಮಾರು ಹತ್ತು ಕಿ.ಮೀ. ಅದಕ್ಕೆ 96 ಬುರುಜುಗಳು, ಐದು ಮುಖ್ಯ ಅಗಸಿಗಳು, ಹೊರಗೆ ಅಗಲವಾದ ಕಂದಕ. ಒಂದನೆಯ ಅಲಿ ಆದಿಲ್‌ಶಾಹ ಇದನ್ನು ಮುಗಿಸಿದ್ದು 1565ರಲ್ಲಿ. ವಿಜಯನಗರದ ಪತನಕ್ಕೆ ಕಾರಣವಾದ ತಾಳಿಕೋಟೆ ಯುದ್ಧ ನಡೆದದ್ದೂ ಅದೇ ವರ್ಷದ ಜನವರಿಯಲ್ಲಿ. ಗೋಡೆಯ ಕೆಲಸವನ್ನು ದರ್ಬಾರಿನ ಸರದಾರರಿಗೆ ಪಾಲು ಹಾಕಿ ಕೊಡಲಾಗಿತ್ತಂತೆ. ಒಂದೊಂದು ಭಾಗದ ಕಟ್ಟಡ ಒಂದೊಂದು ರೀತಿ ಇರುವುದಕ್ಕೆ ಇದೇ ಕಾರಣವೆಂದು ಹೇಳುತ್ತಾರೆ.

ಇಂಗಳೇಶ್ವರದ ಕಡೆಯಿಂದ ಬರುವವರಿಗೆ ಎದುರಾಗಬೇಕಾದದ್ದು ತೆಂಕಣ ದಿಕ್ಕಿನ ಅಗಸಿ. ಮನಗೂಳಿಯ ದಾರಿಗೆ ತೆರೆದುಕೊಂಡಿದ್ದರಿಂದ ಅದಕ್ಕೆ ಮನಗೂಳಿ ದರವಾಜೆ ಎಂದೇ ಹೆಸರಿತ್ತು. 1686ರಲ್ಲಿ ಬಾದಶಹ ಔರಂಗಜೇಬ ಊರನ್ನು ಗೆದ್ದು ಈ ಬಾಗಿಲಿನಿಂದ ಒಳಗೆ ಬಂದ. ಅಂದಿನಿಂದ ಅದು ಫತೇ ದರವಾಜೆ, ಅಂದರೆ ಗೆಲುವಿನ ಬಾಗಿಲು ಎನಿಸಿತು. ಸುಮಾರು ಇನ್ನೂರು ವರ್ಷ ಆಳಿದ ಒಂದು ಮನೆತನದ ಕೊನೆ ಈ ಹೆಸರಿನಲ್ಲಿ ಅಡಗಿದೆ.

ಊರಿನ ನಡುವೆ ಇನ್ನೊಂದು ಕೋಟೆ ಇದೆ. ಅದೇ ಅರಕಿಲ್ಲೆ. ಹೊರಗೋಡೆ ಪ್ರಜೆಗಳಿಗೆ, ಒಳಗೋಡೆ ದೊರೆಗೆ ಎಂಬುದು ಈ ಏರ್ಪಾಡಿನ ತಿರುಳು. ಹೆಚ್ಚುಕಡಿಮೆ ದುಂಡಾಗಿರುವ ಈ ಒಳಕೋಟೆಯಲ್ಲಿ ಅರಮನೆಗಳಿದ್ದವು. ಇದರ ಬಾಗಿಲ ಬಳಿ ಕರೀಮುದ್ದೀನನ ಮಸೀದಿ ಇದೆ. ಆದಿಲ್‌ಶಾಹಿ ಅರಸರು ಬರುವುದಕ್ಕೂ ಬಹಳ ಹಿಂದೆ, 1320ರಲ್ಲಿ ಕಟ್ಟಿದ್ದು. ಇದರ ಕಂಬಗಳು ಹಳೆಯ ದೇವಾಲಯಗಳವು ಎಂಬುದು ನೋಡಿದೊಡನೆ ತಿಳಿಯುತ್ತದೆ. ಇದನ್ನು ಕಟ್ಟಿದ ಕುಶಲಕರ್ಮಿ ಸಾಲೋಟಗಿಯ ರೇವಯ್ಯನೆಂದು ಅಲ್ಲಿಯ ಶಾಸನದಿಂದ ತಿಳಿದುಬರುತ್ತದೆ. ಸಾಲೋಟಗಿ ಇಂಡಿ ತಾಲ್ಲೂಕಿನ ಊರು. ದೊರೆಗಳು ಯಾರೇ ಆಗಿರಲಿ, ಕಲ್ಲು ಕೆತ್ತಿದ ಕೈಗಳು ಈ ನೆಲದವೇ ಎಂಬುದಕ್ಕೆ ಇದು ಸಾಕ್ಷಿ.

ಅರಕಿಲ್ಲೆಯ ಒಳಗೆ ಗಗನ ಮಹಲಿನ ದೊಡ್ಡ ಕಮಾನು ಇನ್ನೂ ನಿಂತಿದೆ. 1561ರ ಸುಮಾರಿನ ಈ ಕಟ್ಟಡ ದರ್ಬಾರಿನ ಸಭಾಂಗಣವಾಗಿತ್ತು. ನಡುವಿನ ಕಮಾನಿನ ಅಗಲ ಅರವತ್ತು ಅಡಿ. ಮುಂದಿನ ಬಯಲಿನಲ್ಲಿ ನಿಂತ ಜನರಿಗೆಲ್ಲ ದೊರೆ ಕಾಣಿಸಲೆಂದೇ ಅದು ಅಷ್ಟು ಅಗಲ. ಸೆರೆಸಿಕ್ಕ ಕೊನೆಯ ಸುಲ್ತಾನ ಸಿಕಂದರನನ್ನು ಬೆಳ್ಳಿಯ ಸರಪಳಿಯಲ್ಲಿ ಬಿಗಿದು ಇಲ್ಲಿಯೇ ಔರಂಗಜೇಬನ ಮುಂದೆ ತಂದರೆಂದು ಜನ ಹೇಳುತ್ತಾರೆ. ಇತಿಹಾಸಕಾರರ ಪ್ರಕಾರ ಹುಡುಗ ದೊರೆ ಶರಣಾದದ್ದು ಊರ ಹೊರಗಿನ ಮೊಗಲ ಬಿಡಾರದಲ್ಲಿ. ಬೆಳ್ಳಿ ಸರಪಳಿಯ ಕಥೆ ಮಾತ್ರ ಜನರ ಬಾಯಲ್ಲಿ ಉಳಿದಿದೆ.

ಹತ್ತಿರದಲ್ಲಿಯೇ ಇರುವ ಸಾತ್ ಮಂಜಿಲಿಗೆ ಹೆಸರಿನಂತೆ ಏಳು ಅಂತಸ್ತುಗಳಿದ್ದವು. ಈಗ ಅಷ್ಟು ಉಳಿದಿಲ್ಲ. ಅದರ ಎದುರಿಗೆ ಪುಟ್ಟ ಜಲಮಂಜಿಲ್. ಕಂದಕದ ಆಚೆ, ಮೂಡಣ ಬದಿಯಲ್ಲಿ ಅಸಾರ್ ಮಹಲ್. ಇವುಗಳ ಸುತ್ತ ನೀರಿನ ಕೊಳ, ಕಾರಂಜಿಗಳ ಗುರುತು ಕಾಣುತ್ತದೆ. ಮಳೆ ಕಡಿಮೆ ಇರುವ ಈ ಬಯಲುಸೀಮೆಯಲ್ಲಿ ಇಷ್ಟೊಂದು ನೀರು ಎಲ್ಲಿಂದ ಬಂತು?

ಈ ಪ್ರಶ್ನೆಯೇ ಕೋಟೆಯ ಗುಟ್ಟನ್ನು ಬಿಡಿಸುತ್ತದೆ. ಪಡುವಣದ ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗಗಳ ಮೂಲಕ ನೀರು ಊರಿಗೆ ಹರಿದುಬರುತ್ತಿತ್ತು. 1651ರಲ್ಲಿ ದಕ್ಷಿಣಕ್ಕೆ ಬೇಗಂ ತಲಾಬನ್ನು ಕಟ್ಟಿ ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು ತಂದರು. ನೀರಿನ ಒತ್ತಡ ತಗ್ಗಿಸಲು ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಗೋಪುರಗಳು. ಊರೊಳಗೆ ಚಾಂದ್ ಬಾವಡಿ, ತಾಜ್ ಬಾವಡಿಯಂತಹ ದೊಡ್ಡ ಬಾವಿಗಳು. ಗೋಡೆ ಎಷ್ಟೇ ದಪ್ಪವಿದ್ದರೂ ಒಳಗಿನವರಿಗೆ ನೀರು, ಕಾಳು ಇಲ್ಲದಿದ್ದರೆ ಕೋಟೆ ನಿಲ್ಲದು ಎಂಬುದನ್ನು ಕಟ್ಟಿದವರು ಚೆನ್ನಾಗಿ ಅರಿತಿದ್ದರು.

ಆದರೂ ಕೋಟೆ ಬಿತ್ತು. 1685ರ ವಸಂತದಲ್ಲಿ ಮೊಗಲರ ಸೈನ್ಯ ಊರನ್ನು ಸುತ್ತುವರಿಯಿತು. ಅದೇ ಕಾಲಕ್ಕೆ ದಖ್ಖನಿನಲ್ಲಿ ಬರ ಬಿದ್ದು ಹೊರಗಿನ ಸೈನ್ಯವೂ ಒಳಗಿನ ಜನರೂ ಹಸಿವಿನಿಂದ ನರಳಿದರು. ವರ್ಷ ಕಳೆದರೂ ಊರು ಬೀಳದೆ, 1686ರ ಜುಲೈನಲ್ಲಿ ಬಾದಶಹನೇ ಬಂದು ನಿಂತ. ಸೆಪ್ಟೆಂಬರ್ 12ರಂದು, ಹದಿನೆಂಟರ ಆಸುಪಾಸಿನ ಸಿಕಂದರ ಶರಣಾದ. ಮುಂದೆ ಸೆರೆಯಲ್ಲಿಯೇ ಇದ್ದು 1700ರಲ್ಲಿ ತೀರಿಕೊಂಡ. ಗೋಡೆ ಕಟ್ಟಿ ಮುಗಿಸಿ ಆಗ 121 ವರ್ಷಗಳಾಗಿದ್ದವು.

ಮಧ್ಯಾಹ್ನದ ಊಟ ಮುಗಿಸಿ ಪಡುವಣ ಗೋಡೆಯ ಕಡೆ ಹೋದರೆ ಶೆರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಕಾಣುತ್ತದೆ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಈ ಕಂಚಿನ ತೋಪಿನ ತೂಕ ಸುಮಾರು 55 ಟನ್. ಬಾಯಿಯ ಬಳಿ ಆನೆಯನ್ನು ನುಂಗುತ್ತಿರುವ ಸಿಂಹದ ಮುಖವಿದೆ. ಊರು ಗೆದ್ದ ಔರಂಗಜೇಬ ಇದರ ಮೇಲೂ ತನ್ನ ಬರಹ ಕೆತ್ತಿಸಿದ. ಕಾಲ ಬದಲಾಗಿ 1854ರಲ್ಲಿ ಬ್ರಿಟಿಷ್ ಅಧಿಕಾರಿಗಳು ಇದನ್ನು ಹರಾಜಿಗೆ ಇಟ್ಟಾಗ ಕೂಗಿದ ಬೆಲೆ ಕೇವಲ 150 ರೂಪಾಯಿ. ಹರಾಜು ರದ್ದಾದದ್ದರಿಂದ ತೋಪು ಉಳಿಯಿತು. ಅಲ್ಲಿಂದ ಸ್ವಲ್ಪ ದೂರದಲ್ಲಿ, 1584ರಲ್ಲಿ ಹೈದರಖಾನ ಕಟ್ಟಿಸಿದ ಉಪಲಿ ಬುರುಜು. ಸುತ್ತು ಮೆಟ್ಟಿಲು ಹತ್ತಿ ಮೇಲೆ ನಿಂತರೆ ಇಡೀ ಊರು ಕೆಳಗೆ ಹರಡಿಕೊಂಡಿರುತ್ತದೆ. ಕೋಟೆಯ ಸುತ್ತು ಅರ್ಥವಾಗುವುದು ಇಲ್ಲಿಂದಲೇ.

ಈ ಎತ್ತರದಿಂದ ಇನ್ನೊಂದು ಸಂಗತಿಯೂ ಕಾಣುತ್ತದೆ. ಕೆಲವೆಡೆ ಗೋಡೆ ಗಟ್ಟಿಯಾಗಿದೆ, ಕೆಲವೆಡೆ ಕುಸಿದಿದೆ, ಕೆಲವೆಡೆ ಮನೆಗಳ ನಡುವೆ ಕರಗಿಹೋಗಿದೆ. ಇದು ಇಂದಿನ ತಪ್ಪು ಮಾತ್ರವಲ್ಲ. 1885ರಲ್ಲಿ ಕಲಾದಗಿಯಿಂದ ಜಿಲ್ಲಾ ಕೇಂದ್ರ ಇಲ್ಲಿಗೆ ಬಂದಾಗ ಹಳೆಯ ಮಹಲುಗಳು ಕಚೇರಿ, ವಸತಿಗಳಾದವು. ಒಂದು ಮಸೀದಿಯಲ್ಲಿ ಅಂಚೆ ಕಚೇರಿ, ಇನ್ನೊಂದರಲ್ಲಿ ಪ್ರವಾಸಿ ಬಂಗಲೆ ನಡೆದಿದ್ದವು. ಅವುಗಳನ್ನು ತೆರವು ಮಾಡಿಸಿದ್ದು ವೈಸರಾಯ್ ಕರ್ಜನ್. ಬಳಕೆಯಿಂದ ಕೆಲವು ಕಟ್ಟಡಗಳು ಉಳಿದದ್ದೂ ಹೌದು, ಕೆಲವು ರೂಪಗೆಟ್ಟದ್ದೂ ಹೌದು. ದಖ್ಖನಿನ ಸುಲ್ತಾನರ ಕೋಟೆ ಹಾಗೂ ಸ್ಮಾರಕಗಳ ಜೊತೆಗೆ ವಿಜಯಪುರದ ಹೆಸರೂ 2014ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದೆ. ಆದರೆ ಹತ್ತು ಕಿ.ಮೀ. ಉದ್ದದ ಗೋಡೆಯನ್ನು ಕಾವಲಿಟ್ಟು ಕಾಯುವುದು ಯಾವ ಇಲಾಖೆಗೂ ಸುಲಭವಲ್ಲ. ಅದರ ಮಗ್ಗುಲಲ್ಲಿ ಬದುಕುವವರಿಗೆ, ದಿನವೂ ಅದನ್ನು ದಾಟಿ ಹೋಗುವವರಿಗೆ ಅದು ಏನೆಂದು ತಿಳಿದಿದ್ದರೆ ಅರ್ಧ ಕೆಲಸ ಆದಂತೆ.

ಸಂಜೆಯ ಬಸ್ಸು ಮತ್ತೆ ಮನಗೂಳಿಯ ದಾರಿ ಹಿಡಿಯುತ್ತದೆ. ಗೆದ್ದವನು ಅಗಸಿಯ ಹೆಸರು ಬದಲಿಸಿದ. ದಾರಿಗೆ ಮಾತ್ರ ಜನ ಇಂದಿಗೂ ಮನಗೂಳಿ ರಸ್ತೆ ಎಂದೇ ಕರೆಯುತ್ತಾರೆ.